ಎಳೆದು ನೋಡುವ ಕೈ

ವೇದಿಕೆಯ ಮೇಲಿರುವ ಹಿರಿಯರೇ, ಡಿಪೋದ ಗೆಳೆಯರೇ, ಮುಂದಿನ ಸಾಲಿನಲ್ಲಿರುವ ಅತ್ತಿಗೆಯವರೇ, ಮಗಳೇ, ಅಳಿಯಂದಿರೇ — ಎಲ್ಲರಿಗೂ ನಮಸ್ಕಾರ. ಈ ಮೈಕಿನ ವೈರು ಸ್ವಲ್ಪ ಸಡಿಲವಿದೆ. ಇವತ್ತು ಯಾರನ್ನು ನೆನೆಯಲು ಸೇರಿದ್ದೇವೋ ಅವರಿದ್ದಿದ್ದರೆ ನನಗೆ ಮಾತಾಡಲು ಬಿಡುತ್ತಿರಲಿಲ್ಲ; ಮೊದಲು ಅದನ್ನು ಬಿಚ್ಚುತ್ತಿದ್ದರು.

ಬಸ್ಸಿನ ವೈರಿಂಗ್ ವಿಭಾಗದಲ್ಲಿ ನಾನು ಅವರ ಪಕ್ಕದ ಮೇಜಿನಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದೆ. ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಇತ್ತು. ನಮಗೆ ಅವರು ಎಳೆಯಣ್ಣ. ತಲೆ ಪೂರ್ತಿ ಬೆಳ್ಳಗಾದ ಮೇಲೂ ಎಳೆಯಣ್ಣ. ಹೊಸಬರು ಅದನ್ನು ವಯಸ್ಸಿನ ಗೇಲಿ ಎಂದುಕೊಳ್ಳುತ್ತಿದ್ದರು. ಅಲ್ಲ. ವೈರುಗಳನ್ನು ಜೋಡಿಸುವ ಪುಟ್ಟ ಪ್ಲಾಸ್ಟಿಕ್ ಕನೆಕ್ಟರ್ ಇದೆಯಲ್ಲ, ಅದನ್ನು ಟಕ್ ಎನ್ನುವವರೆಗೆ ಒತ್ತಿ, ಆಮೇಲೆ ಒಂದೊಂದೇ ವೈರನ್ನು — ಹೀಗೆ, ಇಷ್ಟೇ — ಎಳೆದು ನೋಡುತ್ತಿದ್ದರು. ತಮ್ಮದನ್ನೂ, ನಮ್ಮೆಲ್ಲರದನ್ನೂ.

"ಟಕ್ ಅನ್ನೋದು ಬರೀ ಬಾಯಿಮಾತು ಕಣಯ್ಯ. ಎಳೆದ್ರೂ ಬರಬಾರ್ದು, ಆಗ ಕೂತಿದೆ ಅಂತ."

ಕೈಕುಲುಕಿದರೂ ಬಿಡುವ ಮುಂಚೆ ಒಮ್ಮೆ ಎಳೆಯುತ್ತಿದ್ದರು. ಅಳಿಯನಾಗುವ ಹುಡುಗ ಮೊದಲ ಸಲ ಡಿಪೋಗೆ ಬಂದಾಗ ಆ ಎಳೆತಕ್ಕೆ ಎರಡು ಹೆಜ್ಜೆ ಮುಂದಕ್ಕೇ ಬಂದುಬಿಟ್ಟ. ಎಳೆಯಣ್ಣ ನನ್ನ ಕಿವಿಯಲ್ಲಿ, "ಪಿನ್ನು ಸ್ವಲ್ಪ ಲೂಸು" ಎಂದರು. ಅಳಿಯಂದಿರೇ, ಬೇಸರ ಬೇಡ. ವರ್ಷದೊಳಗೆ ಆ ಮಾತನ್ನು ಅವರೇ ವಾಪಸು ತೆಗೆದುಕೊಂಡರು.

ಇನ್ನೊಂದು ವಿಷಯವಿದೆ — ಅದಕ್ಕಾಗಿಯೇ ಮಾತಾಡಲು ಒಪ್ಪಿದೆ.

ಎಂಟು ವರ್ಷದ ಹಿಂದೆ ನಮ್ಮದೊಂದು ಬಸ್ಸು ತುಂಬಿದ ರಸ್ತೆಯ ನಡುವೆ ಇದ್ದಕ್ಕಿದ್ದಂತೆ ಆಫ್ ಆಯಿತು. ಹಿಂದಿದ್ದ ಲಾರಿಯವನು ಒಂದು ಮಾರು ದೂರದಲ್ಲಿ ಬ್ರೇಕು ಹಾಕಿದ. ಬಿಚ್ಚಿ ನೋಡಿದರೆ, ಡೀಸೆಲ್ ಪಂಪಿಗೆ ಹೋಗುವ ವೈರಿನಲ್ಲಿ ಕನೆಕ್ಟರೇ ಇಲ್ಲ. ಕಿಲುಬು ಹಿಡಿದಿದ್ದ ಪಿನ್ನು ತೆಗೆದು ಹೊಸದು ಹಾಕಲು ಬೇಸರವಾಗಿ, ಯಾರೋ ಅದನ್ನು ಕತ್ತರಿಸಿ ಎಸೆದು, ವೈರುಗಳನ್ನು ಹೊಸೆದು, ಟೇಪು ಸುತ್ತಿದ್ದರು. ಫೋರ್‌ಮನ್ ಸಾಹೇಬರು ಆ ಗಂಟನ್ನು ಎತ್ತಿ ಹಿಡಿದು ಕೇಳಿದರು: "ಇದು ಯಾರ ಕೈಕೆಲಸ?"

ಎಳೆಯಣ್ಣ ಕೈ ಒರೆಸಿಕೊಳ್ಳುತ್ತಾ, "ಎಳೆದು ನೋಡ್ಬೇಕಾದವನು ನಾನು, ಸಾರ್. ನೋಡ್ಲಿಲ್ಲ" ಎಂದರು.

ಅವರು ಸುಳ್ಳು ಹೇಳಲಿಲ್ಲ, ಗಮನಿಸಿ. ಆದರೆ ತಪ್ಪು ಅವರ ಹೆಸರಿಗೆ ಅಂಟಿತು. ಆ ವರ್ಷ ಸಿಗಬೇಕಾಗಿದ್ದ ಹೆಡ್ ಮೆಕ್ಯಾನಿಕ್ ಹುದ್ದೆ ಸಿಗಲಿಲ್ಲ. ಇಲ್ಲಿ ಕುಳಿತಿರುವ ಎಷ್ಟೋ ಜನ ಇವತ್ತಿಗೂ ಅದು ಅವರದೇ ಕೆಲಸ ಎಂದುಕೊಂಡಿದ್ದೀರಿ.

ಮಾರನೆಯ ದಿನದಿಂದ ಅವರು ನನ್ನ ಕೆಲಸವನ್ನು ಎಳೆದು ನೋಡುವುದು ಬಿಟ್ಟರು. ಎಲ್ಲರದನ್ನೂ ಎಳೆಯುತ್ತಿದ್ದರು, ನನ್ನ ಮೇಜು ಬಂದರೆ ದಾಟಿ ಹೋಗುತ್ತಿದ್ದರು. ಟೀ ಜೊತೆಗೇ, ತಮಾಷೆ ಮೊದಲಿನಂತೆಯೇ — ಅದೊಂದು ಮಾತ್ರ ಇಲ್ಲ. ನನ್ನ ಕೈಬಿಟ್ಟರು ಎಂದುಕೊಂಡೆ. ಆಮೇಲೆ ನನ್ನ ಒಂದೊಂದು ವೈರನ್ನೂ ನಾನೇ ಎರಡೆರಡು ಸಲ ಎಳೆದೆ.

ಮೊನ್ನೆ ಅವರ ಮನೆಯಲ್ಲಿ ಅತ್ತಿಗೆಯನ್ನು ಕೇಳಿದೆ: ಅಣ್ಣನಿಗೆ ನನ್ನ ಮೇಲೆ ಕೋಪವಿತ್ತಾ? ಅತ್ತಿಗೆ ಲೋಟ ತೊಳೆಯುವುದನ್ನು ನಿಲ್ಲಿಸದೆ ಹೇಳಿದರು. "ಕೋಪ ಏನಪ್ಪ? ಯಾವತ್ತೋ ಬಂದು ಅಂದ್ರು, ಇನ್ಮೇಲೆ ಅವನ ಕೆಲಸ ನಾನು ನೋಡಲ್ಲ, ಅವನೇ ಎಳ್ಕೋತಾನೆ ಅಂತ. ಖುಷಿಯಲ್ಲೇ ಅಂದ್ರು. ಯಾಕೆ ಅಂತ ನಾನೂ ಕೇಳ್ಲಿಲ್ಲ."

ಯಾಕೆ ಎಂದು ಈಗ ಹೇಳುತ್ತೇನೆ, ಅತ್ತಿಗೆ. ಮಗಳೇ, ನೀನೂ ಕೇಳಿಸಿಕೋ.

ಫೋರ್‌ಮನ್ ಸಾಹೇಬರೇ — ನಿವೃತ್ತರಾಗಿದ್ದರೂ ನೀವು ಬಂದಿದ್ದೀರಿ. ಅವತ್ತು ಒಂದು ಪ್ರಶ್ನೆ ಕೇಳಿದಿರಿ. ಉತ್ತರ ತಡವಾಯಿತು. ಅದು — ಈ ಕೈಯ ಕೆಲಸ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಒಂದು ನಿಮಿಷ ಯಾರೂ ಮಾತಾಡುವುದು ಬೇಡ. ನಾನು ಎಂಟು ವರ್ಷ ಬಾಯಿ ಬಿಡಲಿಲ್ಲ, ಅದು ನನಗಾಗಿ. ಈ ಒಂದು ನಿಮಿಷ ಅವರಿಗಾಗಿ.