ಚೆನ್ನಾಗಿ ಕಾಣೋ ಕಣ್ಣಿಗೆ ತೂತು ಯಾಕೆ?

“ಹಲೋ... ಯಾರು ಮಾತಾಡೋದು?... ಹಾಂ? ಯಾವ ಕಣ್ಣಿನ ಡಾಕ್ಟ್ರು?”

ಸಾನ್ ಯಿ ಚಿತ್ತಾರ ಕೊರೆಯಲು ತೊಡೆಯ ಮೇಲಿಟ್ಟುಕೊಂಡಿದ್ದ ಅರಗಿನ ಬಟ್ಟಲನ್ನು ಕೆಳಗಿಡಲಿಲ್ಲ. ಬರ್ಮಾದ ಬಗಾನಿನಲ್ಲಿ ಈಚೆಗೆ ಫೋನಿನಲ್ಲೇ ಟೋಪಿ ಹಾಕುವವರು ಜಾಸ್ತಿಯಾಗಿದ್ದರು. ಇವಳಂತೂ ಯಾರಿಗೂ ಸುಲಭಕ್ಕೆ ಬಗ್ಗುವ ಹೆಂಗಸಲ್ಲ.

“ಭಿಕ್ಷುಗಳ ವಿಹಾರದಲ್ಲಿ ಎಲ್ಲರ ಕಣ್ಣು ನೋಡಿದ ಹುಡುಗೀನಾ ನೀನು? ಹಂಗಾದ್ರೆ ಹೇಳು, ಅವತ್ತು ನಾನು ನಿಂಗೇನು ತಿನ್ನಿಸ್ದೆ?... ಹೂಂ, ಹುಳಿ ಬರಿಸಿದ ಚಹಾ ಎಲೆ. ಅದನ್ನ ಎಲ್ಲರೂ ಕೊಡ್ತಾರೆ ಬಿಡು. ಅದ್ರಲ್ಲಿ ನೀನು ಏನು ಆರಿಸಿ ಪಕ್ಕಕ್ಕಿಟ್ಟೆ?... ಬೆಳ್ಳುಳ್ಳಿ. ಸರಿ, ನೀನೇ.”

...

“ಏನಂದೆ? ಲೇಸರಲ್ಲಿ ನನ್ನ ಕಣ್ಣಿಗೆ ತೂತು ಹೊಡೀತೀರಾ? ಚೆನ್ನಾಗಿ ಕಾಣೋ ಕಣ್ಣಿಗೆ? ನಿನ್ನೆ ಇದೇ ಬಟ್ಟಲ ಮೇಲೆ ಕೂದಲೆಳೆಯಂಥ ಬಳ್ಳಿ ಕೊರೆದಿದೀನಿ ಕಣೇ!... ಒಳಗೆ ನೀರು ಹರಿಯೋ ದಾರಿ ಕಿರಿದಾಗಿದೆ ಅಂತೀಯಾ. ನೋವಿಲ್ಲ, ಗೀವಿಲ್ಲ, ನಂಗೇ ಗೊತ್ತಿಲ್ದೆ ಕಾಯಿಲೆನಾ?”

...

“ನೀವು ನೋಡಿದ ಮುದುಕರಲ್ಲಿ ಇಪ್ಪತ್ತಕ್ಕೆ ಒಬ್ಬಿಬ್ಬರಿಗಾ?... ಹೆಂಗಸರಿಗೇ ಜಾಸ್ತೀನಾ? ಕೆಟ್ಟದ್ದೆಲ್ಲ ನಮಗೇ ಅಲ್ವಾ! ನಮ್ಮ ಬೀದೀಲಿ ಯಾರಿಗೂ ಇಲ್ಲಮ್ಮ. ಆಸ್ಪತ್ರೆಗೆ ಜನ ಸಾಲದೇನೋ, ಅದಕ್ಕೆ ಕರೀತಿದೀಯ.”

...

“ಕತ್ತಲೇಲಿದ್ದು ಬಂದ್ರೆ ತಲೆನೋವಾ? ಅದು ನಂಗಲ್ಲ, ತಂಗಿ ಓನ್ ತಾಗೆ. ಅರಗು ಒಣಗಲಿ ಅಂತ ನೆಲಮಾಳಿಗೇಲಿ ಬಟ್ಟಲು ಇಟ್ಟಿರ್ತೀವಲ್ಲ, ಅವನ್ನ ತಿರುಗಿಸಿ ಬಂದಾಗೆಲ್ಲ ಅವಳಿಗೆ ತಲೆ ಸಿಡಿಯುತ್ತೆ. ಅರಗಿನ ವಾಸನೆ, ಇನ್ನೇನು. ಈ ಕಸುಬಿನವರಿಗೆಲ್ಲ ಆಗೋದೇ... ಇವತ್ತೂ ಹಂಗೇ. ಮಧ್ಯಾಹ್ನದಿಂದ ವಾಂತಿ. ಶುಂಠಿ ಕೊಟ್ಟು ಮಲಗಿಸಿದೀನಿ...”

ಆ ಕಡೆಯ ದನಿ ಏರಿತು. ಸಾನ್ ಯಿಗೆ ಮತ್ತೆ ಅನುಮಾನ ಬಂತು.

“ಯಾಕೆ ಹಂಗೆ ಕಿರುಚ್ತೀಯ?... ಹಾಂ, ಎಡಗಣ್ಣು ಕೆಂಪಗಿದೆ. ನೋವಿಗೆ ಅತ್ತಿದಾಳೆ ಅಂದ್ಕೊಂಡೆ... ಅವಳ ಕಣ್ಣಲ್ಲಿ ಆ ನೀರಿನ ದಾರಿ ಮುಚ್ಚೇಹೋಗಿರ್ಬೇಕಾ? ಈಗ್ಲೇ ಕರ್ಕೊಂಡು ಬರ್ಬೇಕಾ? ನಾಳೆ ಬೆಳಿಗ್ಗೆ ಬಂದ್ರೆ... ಕಣ್ಣೇ ಹೋಗುತ್ತಾ?... ಇದನ್ನ ಮೊದಲೇ ಹೇಳೋಕೇನಾಗಿತ್ತೇ ನಿಂಗೆ!”

ಹೇಳಲು ಬಿಡದಿದ್ದವಳು ತಾನೇ ಎಂದು ನೆನಪಾಯಿತು. ಬಟ್ಟಲನ್ನು ಕೆಳಗಿಟ್ಟವಳೇ ಫೋನು ಹಿಡಿದುಕೊಂಡೇ ಒಳಕೋಣೆಗೆ ಓಡಿದಳು.

“ಓನ್ ತಾ, ಏಳೇ... ಬಲಗಣ್ಣು ಮುಚ್ಕೋ. ನನ್ನ ಮುಖ ನೋಡು... ಇಲ್ಲೇ ಇದೀನಲ್ಲೇ, ನಿನ್ನೆದುರಿಗೇ... ಹಲೋ, ಮಗಳೇ, ಇವಳು ಗೋಡೆ ಕಡೆ ನೋಡ್ತಿದಾಳೆ! ಗಾಡಿ ತರಿಸ್ತೀನಿ, ಎಲ್ಲಿಗೆ ಬರ್ಲಿ? ಎಲ್ಲಿಗೆ ಅಂತ ಹೇಳಮ್ಮ... ಹಲೋ? ಹಲೋ...”

ಲೈನು ಕಡಿದುಹೋಗಿತ್ತು.