ಏಳನೆಯ ಕುಳಿಯಲ್ಲಿ ಆಡಿದ ಮಾತು

ವೇದಿಕೆಯ ಮೇಲಿರುವ ಗಾಲ್ಫ್ ಕ್ಲಬ್ಬಿನ ಅಧ್ಯಕ್ಷರಾದ ಹನವಾ ಅವರೇ, ಮುಂದಿನ ಸಾಲಿನಲ್ಲಿ ಊರುಗೋಲು ಹಿಡಿದು ಕುಳಿತಿರುವ ನಮ್ಮ ಅತಿ ಹಿರಿಯ ಸದಸ್ಯರಾದ ಇಸೊಗಾಯ್ ಅವರೇ, ನನ್ನ ಜೊತೆ ಇಂದೇ ಕೆಲಸ ಬಿಡುತ್ತಿರುವ ಆರು ಮಂದಿ ಕ್ಯಾಡಿ ಗೆಳತಿಯರೇ, ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿರುವವರೇ, ಪ್ರೀತಿಯ ಸಭಿಕರೇ,

ಮೂವತ್ತೆಂಟು ವರ್ಷ ಕ್ಯಾಡಿಯಾಗಿ ನಿಮ್ಮ ಕೋಲುಗಳ ಚೀಲ ಹೊತ್ತು ನಿಮ್ಮ ಹಿಂದೆ ನಡೆದವಳು ನಾನು. ಹೀಗೆ ಎದುರಿಗೆ ನಿಂತು ನಿಮ್ಮ ಮುಖ ನೋಡಿ ಅಭ್ಯಾಸವಿಲ್ಲ. ದಯವಿಟ್ಟು ಎಲ್ಲರೂ ಒಮ್ಮೆ ಹಿಂದಕ್ಕೆ ತಿರುಗಿ ಕುಳಿತರೆ ಯಾರು ಯಾರೆಂದು ತಕ್ಷಣ ಹೇಳಿಬಿಡುತ್ತೇನೆ. ನಗಬೇಡಿ, ನಿಜ. ಯಾರ ಎಡ ಭುಜ ಇಳಿಬಿದ್ದಿದೆ, ಯಾರ ಹಿಂದಿನ ಜೇಬಿನಲ್ಲಿ ಬಚ್ಚಿಟ್ಟ ಎರಡನೆಯ ಚೆಂಡು ಇದೆ, ಎಲ್ಲ ನನಗೆ ಗೊತ್ತು.

ನಾಳೆಯಿಂದ ಈ ಮೈದಾನದಲ್ಲಿ ಕ್ಯಾಡಿಗಳಿರುವುದಿಲ್ಲ. ಬಂಡಿ ತಾನಾಗಿ ನಿಮ್ಮ ಹಿಂದೆ ಬರುತ್ತದೆ, ಕುಳಿ ಎಷ್ಟು ದೂರವೆಂದು ಅದರ ಪರದೆ ಹೇಳುತ್ತದೆ. ಒಳ್ಳೆಯದೇ. ಬಂಡಿಗೆ ಮಂಡಿ ನೋವು ಬರುವುದಿಲ್ಲ. ಆದರೆ ಆ ಬಂಡಿ ನಿಮಗೆ "ಸಾಕು ಬಿಡಿ" ಎಂದು ಹೇಳುವುದಿಲ್ಲ. ಅದಕ್ಕಾಗಿಯೇ ಏಳನೆಯ ಕುಳಿಯ ಪಕ್ಕ ಒಂದು ಫಲಕ ನಿಲ್ಲಿಸುವುದೆಂದು ಸಮಿತಿ ತೀರ್ಮಾನಿಸಿದೆ. ಬಿಳಿ ಬಟ್ಟೆ ಹೊದ್ದು ಇಲ್ಲಿ ನಿಂತಿದೆಯಲ್ಲ, ಅದೇ ಆ ಫಲಕ. ಉಕ್ಕಿನ ತಗಡಿನ ಮೇಲೆ ನಾನು ಆಡಿದ ಒಂದು ಮಾತನ್ನು ಕೆತ್ತಿಸಿದ್ದಾರೆ. ಮಾಡಿಸಿಕೊಟ್ಟವರು ಇಸೊಗಾಯ್ ಅವರು. ಭಾಷಣ ಮುಗಿದ ಮೇಲೆ ನಾನು ಆ ಬಟ್ಟೆ ಸರಿಸಬೇಕಂತೆ.

ಅಧ್ಯಕ್ಷರು ನನಗೆ ಕೊಟ್ಟಿರುವ ವಿಷಯವೂ ಅದೇ. ಕೆಟ್ಟುಹೋದ ಕುಳಿಯನ್ನು ನಮ್ಮಂಥ ಭಾನುವಾರದ ಆಟಗಾರ ಯಾವಾಗ ಕೈಬಿಡಬೇಕು? ಉತ್ತರ ಸುಲಭ. ಕುಳಿಗೆ ನಿಗದಿಯಾದ ಹೊಡೆತಗಳ ಎರಡರಷ್ಟಾದಾಗ. ಮೂರು ಹೊಡೆತದ ಕುಳಿಗೆ ಆರು, ನಾಲ್ಕರದ್ದಕ್ಕೆ ಎಂಟು. ಅಷ್ಟಾದರೂ ಒಳಗೆ ಬೀಳದಿದ್ದರೆ ಚೆಂಡನ್ನು ಎತ್ತಿ ಜೇಬಿಗೆ ಹಾಕಿ ನಡೆಯಬೇಕು. ನಾಚಿಕೆಪಡುವಂಥದ್ದೇನೂ ಇಲ್ಲ. ಎತ್ತದವರು ಏನು ಮಾಡುತ್ತಾರೆಂದು ನಾನು ನೋಡಿಲ್ಲವೇ? ಒಬ್ಬ ಮಹನೀಯರು ಪೊದೆಯೊಳಗೆ ಹೋದರು. ಒಳಗಿನಿಂದ ನಾಲ್ಕು ಸಲ ಟಕ್ ಎಂಬ ಸದ್ದು ಬಂತು. ಹೊರಗೆ ಬಂದು "ಒಂದೇ ಹೊಡೆತ ಕಣಮ್ಮಾ" ಎಂದರು. ಉಳಿದ ಮೂರು ಮರಕುಟಿಗನದ್ದೆಂದು ನಾನು ಬರೆದುಕೊಂಡೆ.

ಇಸೊಗಾಯ್ ಅವರು ಹಾಗಲ್ಲ. ಸಭಿಕರೇ, ಮೂವತ್ತೆಂಟು ವರ್ಷದಲ್ಲಿ ಒಂದು ಹೊಡೆತವನ್ನೂ ಮುಚ್ಚಿಡದ ಮನುಷ್ಯರೆಂದರೆ ಅವರೊಬ್ಬರೇ. ಹದಿನೈದಾದರೂ ಹೊಡೆಯುವರು, ಹದಿನೈದೆಂದೇ ಹೇಳುವರು. ಚೆಂಡು ಎತ್ತುವುದೆಂದರೆ ಅವರಿಗೆ ಆಗುತ್ತಿರಲಿಲ್ಲ. ಕೆಳಗಿನ ಊರಿನಲ್ಲಿ ಅವರ ಚಮಚದ ಕಾರ್ಖಾನೆ ಇತ್ತು. ನಲವತ್ತೊಂದು ಜನ ಕೆಲಸಕ್ಕಿದ್ದರು. ಅವರಲ್ಲಿ ಒಬ್ಬರು ನನ್ನ ಯಜಮಾನರು, ತಮೋತ್ಸು. ಚಮಚಕ್ಕೆ ಹೊಳಪು ಕೊಡುವ ಚಕ್ರದ ಮುಂದೆ ಇಪ್ಪತ್ತಾರು ವರ್ಷ ನಿಂತವರು.

ಹತ್ತೊಂಬತ್ತು ವರ್ಷದ ಹಿಂದಿನ ಜೂನ್ ತಿಂಗಳು. ಏಳನೆಯ ಕುಳಿಯ ಮರಳುಗುಂಡಿಯಲ್ಲಿ ಇಸೊಗಾಯ್ ಅವರು ಸಿಕ್ಕಿಬಿದ್ದಿದ್ದರು. ಹತ್ತು ಹೊಡೆತವಾಗಿತ್ತು. ಕನ್ನಡಕದ ಮೇಲೆಲ್ಲ ಮರಳು. ಆಗ ನಾನೊಂದು ಮಾತು ಹೇಳಿದೆ.

"ಸಾಕು ಬಿಡಿ ಸ್ವಾಮಿ, ಮುಂದಿನ ಕುಳಿ ಕಾಯ್ತಾ ಇದೆ."

ಅವರು ನನ್ನನ್ನೇ ನೋಡಿದರು. ಬಗ್ಗಿ ಚೆಂಡನ್ನು ಕೈಗೆ ತೆಗೆದುಕೊಂಡರು. "ಇಷ್ಟು ಸುಲಭಾನಾ, ಕಿನುಯೊ?" ಎಂದು ಕೇಳಿದರು. "ಇಷ್ಟೇ ಸ್ವಾಮಿ, ಎತ್ಕೊಂಡ್ರೆ ಮುಗೀತು" ಎಂದೆ. ಅವರು ಜೋರಾಗಿ ನಕ್ಕರು, ಚೆಂಡನ್ನು ನನ್ನ ಕೈಯಲ್ಲಿಟ್ಟು "ಇದು ನಿನಗೆ" ಎಂದರು. ಅಷ್ಟು ಹಗುರಾಗಿ ಅವರು ನಡೆದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಇಪ್ಪತ್ತು ದಿನ ಕಳೆಯಿತು. ನನ್ನ ಯಜಮಾನರು ಮಧ್ಯಾಹ್ನಕ್ಕೇ ಮನೆಗೆ ಬಂದರು. ಬುತ್ತಿ ಬಿಚ್ಚಿರಲಿಲ್ಲ. "ಕಾರ್ಖಾನೆ ಮುಚ್ಚಿದ್ರು ಕಣೆ" ಎಂದರು. "ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ, ಕಾರ್ಖಾನೆ ಯಜಮಾನ್ರು ತಾವೇ ನಮ್ಮ ಮುಂದೆ ತಲೆ ಬಾಗಿಸಿದ್ರು. ಆಮೇಲೆ ಒಂದು ಮಾತು ಹೇಳಿದ್ರು ನೋಡು, ಎಂಥಾ ಮಾತು! ಸಾಕು ಬಿಡಿ, ಮುಂದಿನ ಕುಳಿ ಕಾಯ್ತಾ ಇದೆ ಅಂತ. ನಮ್ಮ ಯಜಮಾನ್ರು ಓದಿಕೊಂಡವರು, ಎಲ್ಲಿಂದ ತಂದರೋ."

ನಾನು ಹುರುಳಿಕಾಯಿ ಹೆಚ್ಚುತ್ತಿದ್ದೆ. ಹೆಚ್ಚುತ್ತಲೇ ಇದ್ದೆ.

ಕ್ಷಮಿಸಿ, ವಿಷಯ ಬಿಟ್ಟು ಎಲ್ಲಿಗೋ ಹೋದೆ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಇನ್ನು ಸ್ವಲ್ಪವೇ.

ಐವತ್ತಮೂರರ ಹೊಳಪು ಕೆಲಸಗಾರನಿಗೆ ಎಲ್ಲಿದೆ ಕೆಲಸ? ಆದರೂ ದಿನಾ ಬೆಳಗ್ಗೆ ಟೈ ಕಟ್ಟಿಕೊಂಡು ಕೆಲಸ ಕೊಡಿಸುವ ಕಚೇರಿಗೆ ಹೊರಡುತ್ತಿದ್ದರು. ಬೂಟು ಹಾಕುವಾಗ "ಮುಂದಿನ ಕುಳಿ ಕಾಯ್ತಾ ಇದೆ" ಎನ್ನುತ್ತಿದ್ದರು. ಗಾಲ್ಫ್ ಮೈದಾನವನ್ನು ಕಣ್ಣಲ್ಲೂ ಕಾಣದ ಮನುಷ್ಯ! ಮೊದಲ ವರ್ಷ ನಗುತ್ತಾ ಹೇಳಿದರು. ಎರಡನೆಯ ವರ್ಷ ಸುಮ್ಮನೆ ಹೇಳಿದರು. ಮೂರನೆಯ ವರ್ಷ ಬೂಟು ಹಾಕುವುದನ್ನೇ ಬಿಟ್ಟರು. ಚಕ್ರದ ಮುಂದೆ ನಿಂತು ನಿಂತು ಅವರ ಅಂಗಾಲು ಹಾಳಾಗಿತ್ತು. ನಾನು ತಂದಿಟ್ಟಿದ್ದ ಆ ಚೆಂಡನ್ನು ನೆಲದ ಮೇಲಿಟ್ಟು ಅಂಗಾಲಿನಡಿ ಉರುಳಿಸುತ್ತಾ ಟಿವಿ ಮುಂದೆ ಕೂರುತ್ತಿದ್ದರು. ಚೆಂಡಿನ ಮೇಲೆ ಕಾರ್ಖಾನೆಯ ಗುರುತಿತ್ತು, ಅಡ್ಡಡ್ಡ ಇಟ್ಟ ಎರಡು ಚಮಚ. ಅದು ಮನೆಗೆ ಹೇಗೆ ಬಂತೆಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ. ಹದಿನೇಳು ವರ್ಷ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಕೆಟ್ಟ ಕುಳಿಯನ್ನು ಯಾವಾಗ ಕೈಬಿಡಬೇಕೆಂದು ನೀವು ನನ್ನನ್ನು ಕೇಳುತ್ತೀರಲ್ಲ, ನನ್ನಂಥವಳನ್ನು!

ಹೋದ ವರ್ಷಕ್ಕೆ ಹಿಂದಿನ ಚಳಿಗಾಲದಲ್ಲಿ ಅವರು ಹಾಸಿಗೆ ಹಿಡಿದರು. ಒಂದು ದಿನ ಗಂಜಿ ತಿನ್ನಿಸುತ್ತಿದ್ದೆ. ಅವರೇ ಹೊಳಪು ಕೊಟ್ಟ ಚಮಚ. ಬಾಯಿ ಒರೆಸಿಕೊಂಡು ಹೇಳಿದರು: "ಆ ಮಾತು ಮೊದಲು ಹೇಳಿದವರಿಗೆ ಮುಂದಿನ ಕುಳಿ ಎಲ್ಲಿದೆ ಅಂತ ಗೊತ್ತಿತ್ತು ಕಣೆ. ನನಗೆ ಯಾರೂ ತೋರಿಸಲೇ ಇಲ್ಲ."

ಆಗಲಾದರೂ ಹೇಳಬೇಕಿತ್ತು. "ಹೇಳಿದವಳು ನಾನು ಕಣ್ರೀ" ಎಂದು ಹೇಳಬೇಕಿತ್ತು. ಇನ್ನೊಂದು ಚಮಚ ಗಂಜಿ ಬಾಯಿಗಿಟ್ಟೆ. ಹನ್ನೊಂದು ದಿನದ ನಂತರ ಅವರು ಹೋದರು.

ಇಸೊಗಾಯ್ ಅವರೇ, ಕಳೆದ ತಿಂಗಳು ನೀವು ಫಲಕದ ವಿಷಯ ಹೇಳಲು ನಮ್ಮ ಮನೆಗೆ ಬಂದಿರಿ. ಅವರ ಪಟದ ಮುಂದೆ ಊದುಬತ್ತಿ ಹಚ್ಚಿದಿರಿ. "ನಿನ್ನ ಮಾತು ನನ್ನ ಜೀವ ಉಳಿಸಿತು ಕಿನುಯೊ, ಇಲ್ಲದಿದ್ರೆ ಮುಳುಗ್ತಿದ್ದ ಕಾರ್ಖಾನೆಯ ಆ ಯಂತ್ರಗಳ ಜೊತೆ ನಾನೂ ಹೋಗ್ತಿದ್ದೆ" ಎಂದಿರಿ. ಕಣ್ಣೀರು ಹಾಕಿದಿರಿ. ನಿಮ್ಮ ಕಣ್ಣೀರು ಸುಳ್ಳಲ್ಲ. ಹಿರಿಯರ ಮುಂದೆ ನಾನು ಬಾಯಿ ಕಟ್ಟಿ ಕುಳಿತೆ. ಇಂದು ಕಟ್ಟಲಾರೆ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಇತ್ತು, ಬಹಳ ವರ್ಷ ಇತ್ತು. ಈಗಿರುವುದೆಲ್ಲ ನನ್ನ ಮೇಲೆಯೇ.

ಆ ದಿನದ ನಿಜ ಹೇಳುತ್ತೇನೆ, ಕೇಳಿ. ನನ್ನ ಸೊಂಟದಲ್ಲಿದ್ದ ವೈರ್‌ಲೆಸ್‌ನಲ್ಲಿ ಆ ಗಳಿಗೆ ಮೈದಾನದ ಮೇಲ್ವಿಚಾರಕರು ಕೂಗಿಕೊಳ್ಳುತ್ತಿದ್ದರು. "ಏಯ್ ಕಿನುಯೊ, ಏಳರ ಹಿಂದೆ ಎರಡು ಗುಂಪು ನಿಂತಿವೆ! ಎಲ್ಲರ ಊಟದ ಹೊತ್ತು ತಪ್ಪಿಸ್ತೀಯಾ? ಆ ಮುದುಕನ್ನ ಎಬ್ಬಿಸು!" ಆ ತಿಂಗಳು ಆಗಲೇ ಎರಡು ಸಲ ಬೈಸಿಕೊಂಡಿದ್ದೆ. ಅದಕ್ಕೆ ಹೇಳಿದೆ. ನಿಮ್ಮ ಮೇಲಿನ ಕರುಣೆಯಿಂದ ಹೇಳಲಿಲ್ಲ, ಬದುಕನ್ನು ಬಲ್ಲೆ ಎಂದೂ ಹೇಳಲಿಲ್ಲ. ಮುಂದಿನ ಕುಳಿ ಯಾರಿಗೂ ಕಾಯುತ್ತಿರಲಿಲ್ಲ ಸ್ವಾಮಿ. ಕಾಯುತ್ತಿದ್ದದ್ದು ಹಿಂದಿನ ಗುಂಪು.

ಇನ್ನೊಂದಿದೆ. ಕ್ಯಾಡಿಯ ಕಣ್ಣಿಗೆ ಇದು ತಪ್ಪುವುದಿಲ್ಲ. ನಿಮ್ಮ ಹತ್ತನೆಯ ಹೊಡೆತಕ್ಕೆ ಚೆಂಡು ತಗ್ಗಿನಿಂದ ಎದ್ದು ಚಪ್ಪಟೆ ಮರಳಿನ ಮೇಲೆ ಚೆನ್ನಾಗಿ ಕುಳಿತಿತ್ತು. ನಿಮ್ಮ ಕೈ ಆಗ ತಾನೇ ಸರಿದಾರಿಗೆ ಬಂದಿತ್ತು. ಹನ್ನೊಂದನೆಯದಕ್ಕೆ ಅದು ಹೊರಗೆ ಬರುತ್ತಿತ್ತು. ನನಗೆ ಗೊತ್ತಿತ್ತು. ಗೊತ್ತಿದ್ದೂ ಎತ್ತಿಸಿದೆ.

ಹಾಗೆಂದು ನಿಯಮ ತಪ್ಪೇ? ಇಲ್ಲ. ಎರಡರಷ್ಟಾದಾಗ ಎತ್ತಿ, ಖಂಡಿತ ಎತ್ತಿ. ಅದು ನಿಮ್ಮ ಚೆಂಡು, ನಿಮ್ಮ ಭಾನುವಾರ. ಅಲ್ಲಿಂದ ಆ ಮಾತನ್ನು ಹೊತ್ತುಕೊಂಡು ಹೋಗಿ ಇನ್ನೊಬ್ಬರ ಅಂಗಳದಲ್ಲಿ ಮಾತ್ರ ಹೇಳಬೇಡಿ.

ಈ ಬಟ್ಟೆಯನ್ನು ನಾನು ಸರಿಸಲಾರೆ. ಅಧ್ಯಕ್ಷರು ಮನ್ನಿಸಬೇಕು. ಇಸೊಗಾಯ್ ಅವರೇ, ನೀವೇ ಸರಿಸಿ. ಮುಂದಿನ ಕುಳಿ ಸಿಕ್ಕಿದ್ದು ನಿಮಗೆ.

ಮೂವತ್ತೆಂಟು ವರ್ಷ ಅನ್ನ ಕೊಟ್ಟ ಈ ಮೈದಾನಕ್ಕೆ, ಮಳೆಯಲ್ಲಿ ನನ್ನ ತಲೆಗೂ ಕೊಡೆ ಹಿಡಿದ ಕೆಲವರಿಗೆ, ಇಷ್ಟು ಹೊತ್ತು ಎದ್ದು ಹೋಗದೆ ಕುಳಿತ ನಿಮಗೆಲ್ಲ ನನ್ನ ಕೃತಜ್ಞತೆಗಳು.

ಕೊನೆಯದಾಗಿ ಒಂದು ಬೇಡಿಕೆ. ಆ ಚೆಂಡನ್ನು ತಂದಿದ್ದೇನೆ, ನೋಡಿ. ಗುರುತಿನ ಎರಡು ಚಮಚ ನನ್ನವರ ಅಂಗಾಲಿಗೆ ಸವೆದು ಹೋಗಿವೆ. ಯಾರಾದರೂ ನನಗೆ ಮರಳಿನಲ್ಲಿ ಹೊಡೆಯುವ ಕೋಲೊಂದನ್ನು ಎರವಲು ಕೊಡಿ. ಇಷ್ಟು ವರ್ಷ ಕೋಲು ಒರೆಸಿದ್ದೇನೆ, ಒಮ್ಮೆಯೂ ಬೀಸಿಲ್ಲ. ಸಭೆ ಮುಗಿದ ಮೇಲೆ ಏಳನೆಯ ಮರಳುಗುಂಡಿಗೆ ಇಳಿದು, ಇದು ಅಂದು ಎಲ್ಲಿತ್ತೋ ಅಲ್ಲೇ ಇಟ್ಟು ಹೊಡೆಯುತ್ತೇನೆ. ಹೊರಗೆ ಬರುವವರೆಗೂ ಹೊಡೆಯುತ್ತೇನೆ. ಆರಾಗಬಹುದು, ಅರವತ್ತಾಗಬಹುದು. ಹಿಂದಿನ ಗುಂಪಿನವರು ದಯವಿಟ್ಟು ಕಾಯಬೇಕು.

ನಮಸ್ಕಾರ.