ಗೇಟಿನ ಹತ್ತಿರ ಎಫಿ

ಸ್ಕಾಟ್ಲೆಂಡಿನ ನಮ್ಮ ಗುಡ್ಡದ ಸೀಮೆಯಲ್ಲಿ ನವೆಂಬರ್ ಬಂತೆಂದರೆ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಅವತ್ತು ಮಳೆ ಬೇರೆ. ಹಳೇ ಇಗರ್ಜಿಯ ಸ್ಮಶಾನದಲ್ಲಿ ಪುರಾತನ ಗೋಡೆಯೊಂದನ್ನು ಅಗೆಯುತ್ತಿದ್ದ ಪುರಾತತ್ವದವರು ನಾವು ನಾಲ್ವರು, ಸಲಕರಣೆಯ ಉದ್ದನೆ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತುಕೊಂಡೇ ಎದುರುಮನೆಯ ಗ್ರಿಸೆಲ್ ಅಜ್ಜಿಯ ಅಡುಗೆಮನೆಗೆ ನುಗ್ಗಿದೆವು. ಅಜ್ಜಿ ಬೈಯುತ್ತಲೇ ಟೀ ಕೊಟ್ಟಳು, ಓಟ್ಸ್ ರೊಟ್ಟಿ ಮುಂದಿಟ್ಟಳು. ಆಮೇಲೆ ಆ ಪೆಟ್ಟಿಗೆಯನ್ನೇ ನೋಡುತ್ತ ಕೂತು ಶುರುಮಾಡಿದಳು.

"ಬೂಟು ಆಚೆ ಬಿಡ್ರೋ, ನಿಮ್ಮನೇಲೂ ಹೀಗೇನಾ?... ಹೂಂ. ಸತ್ತೋರ ಹಲ್ಲು ನೋಡಿ ವಯಸ್ಸು ಹೇಳ್ತೀರಂತೆ, ಆ ಸ್ಮಶಾನದ ಗೇಟು ಯಾರು ಕಾಯ್ತಾರೆ ಗೊತ್ತಾ? ಕೊನೇಗೆ ಯಾರನ್ನ ಹೂಳ್ತಾರೋ ಅವರೇ ಕಾಯ್ಬೇಕು, ಇನ್ನೊಂದು ಹೆಣ ಬರೋ ತನಕ. ಬಂದ್ರೆ ಬಾಗಿಲು ತೆಗೆದು ಒಳಗೆ ಬಿಟ್ಟು, ತಾವು ಹೋಗಿ ಮಲಗೋದು. ಒಂದೇ ದಿನ ಎರಡು ಸಾವಾದ್ರಂತೂ ಕೇಳ್ಬೇಡಿ... ಹೊತ್ತೋರೆಲ್ಲ ಎದ್ದುಬಿದ್ದು ಓಡೋರು, ನಮ್ಮೋರು ಮೊದಲು ಒಳಗೆ ಹೋಗ್ಲಿ, ಕಾವಲು ಇನ್ನೊಬ್ಬರಿಗೆ ಬೀಳ್ಲಿ ಅಂತ. ನಗ್ತೀರಾ? ನಾನೂ ನಕ್ಕಿದ್ದೆ.

ನನ್ನ ಮಗಳು ಎಫಿಗೆ ಆಗ ಏಳು ವರ್ಷ. ಗಂಟಲಮಾರಿ ಬಂತು, ಹೋದ್ಲು. ಅದೇ ದಿನ ಮೇಲ್ಮನೆ ಗಿಲ್‌ಕ್ರಿಸ್ಟ್ ಮುದುಕನೂ ಹೋದ. ಆಗೆಲ್ಲ ಹೆಂಗಸರು ಗುಂಡಿ ತನಕ ಹೋಗೋ ಹಾಗಿರ್ಲಿಲ್ಲ, ನಾನು ಇದೇ ಕಿಟಕೀಲಿ ನಿಂತಿದ್ದೆ. ನಮ್ಮ ಯಜಮಾನ ಫಾರ್ಕರ್ ಪುಟ್ಟ ಪೆಟ್ಟಿಗೇನ ಎದೆಗವಚ್ಕೊಂಡು ಮೆಲ್ಲಗೆ ಬರ್ತಿದ್ದ... ಹಿಂದುಗಡೆ ಗಿಲ್‌ಕ್ರಿಸ್ಟ್ ಕಡೆ ಗಂಡಸರೆಲ್ಲ ಮುದುಕನ್ನ ಹೊತ್ಕೊಂಡು ಓಡಿ ಬರ್ತಿದ್ದಾರೆ. ಓಡೋ, ಓಡೋ ಅಂತ ಗಾಜು ಬಡಿದೆ. ಅವನು ಓಡ್ಲಿಲ್ಲ. ಆಮೇಲೆ ಹೇಳಿದ, 'ಮಗು ಒಳಗೆ ಅಲ್ಲಾಡ್ತಿತ್ತು ಗ್ರಿಸೆಲ್, ಹೆಂಗೆ ಓಡ್ಲಿ?'

ಮುದುಕ ಮೊದಲು ಒಳಗೆ ಹೋದ, ಕಾವಲು ಎಫಿಗೆ ಬಿತ್ತು. ಒಂದು ವಾರ ಕಾಯ್ಲಿ ಬಿಡು, ಅಷ್ಟರಲ್ಲಿ ಯಾರಾದ್ರೂ ಸಾಯ್ತಾರೆ ಅಂದ್ಕೊಂಡೆ. ಯಾರಾದ್ರೂ ಸಾಯ್ಲಪ್ಪಾ ಅಂತ ಬೇಡ್ಕೊಂಡೆ ಕೂಡ, ದೇವರು ಏನಾದ್ರೂ ಅಂದ್ಕೊಳ್ಲಿ. ಆ ವಾರಾನೇ, ಜಾಗ ತುಂಬಿತು ಅಂತ ಸ್ಮಶಾನ ಮುಚ್ಚಿಬಿಟ್ರು. ಹೊಳೆಯಾಚೆ ಹೊಸದು ಮಾಡಿದ್ರು. ಫಾರ್ಕರ್‌ನ ಅಲ್ಲೇ ಹೂತ್ರು. ನನ್ನನ್ನಾದ್ರೂ ಇಲ್ಲಿ ಹೂಳಿ ಅಂತ ಪಾದ್ರಿ ಹತ್ರ ಅತ್ತೆ, ಅವನೂ ಪಾಪ ಅತ್ತ. ಕಾನೂನು ಬಿಡಲ್ಲವಂತೆ."

ನಮ್ಮಲ್ಲೊಬ್ಬ, ಆಲ್ಪಿನ್, ಅಜ್ಜಿಗೆ ಸಮಾಧಾನ ಹೇಳಿದ. ಅಗೆಯುವಾಗ ಸಿಕ್ಕ ಮೂಳೆಗಳನ್ನೆಲ್ಲ ಶುಕ್ರವಾರ ಪ್ರಾರ್ಥನೆ ಮಾಡಿ ಮತ್ತೆ ಅಲ್ಲೇ ಹೂಳುತ್ತೇವೆ, ಅದೂ ಹೊಸ ಹೆಣ ಬಂದ ಹಾಗೇ ಅಲ್ಲವೇ ಎಂದ.

"ಅವರೆಲ್ಲ ತಮ್ಮ ಸರದಿ ಮುಗಿಸಿದೋರು ಕಣಪ್ಪಾ, ಎರಡನೇ ಸಲ ಯಾಕೆ ನಿಲ್ತಾರೆ?... ಅದಿರ್ಲಿ, ದಿನಾ ಬೆಳಿಗ್ಗೆ ನಿಮಗೆ ಗೇಟು ಯಾರು ತೆಗೀತಾರೆ?"

ಆ ತುಕ್ಕು ಹಿಡಿದ ಗೇಟಿಗೆ ನಮ್ಮಲ್ಲಿ ಯಾರೂ ಒಂದು ದಿನವೂ ಕೈ ಹಚ್ಚಿರಲಿಲ್ಲ. ಪೆಟ್ಟಿಗೆ ಹೊತ್ತು ಹತ್ತಿರ ಬರುತ್ತಿದ್ದ ಹಾಗೇ ತೆರೆದುಕೊಳ್ಳುತ್ತಿತ್ತು. ಗಾಳಿ ಎಂದೆ ನಾನು.

"ಗಾಳಿಯಂತೆ ಗಾಳಿ... ಹೆಗಲ ಮೇಲೆ ಉದ್ದನೆ ಪೆಟ್ಟಿಗೆ ಕಂಡ ತಕ್ಷಣ ಓಡಿ ಬಂದು ತೆಗೀತಾಳೆ, ಅಂತೂ ಯಾರೋ ಬಂದ್ರು, ಇನ್ನು ಮಲಗಬಹುದು ಅಂತ. ಇದೇ ಕಿಟಕೀಲಿ ನಿಂತು ದಿನಾ ನೋಡ್ತೀನಿ. ಆಮೇಲೆ ನೀವು ಪೆಟ್ಟಿಗೆ ಬಿಚ್ಚಿ ಗುದ್ದಲಿ ತೆಗೀತೀರಿ... ನಾಳೆಯಿಂದ ಗುದ್ದಲಿ ಕೈಯಲ್ಲೇ ಹಿಡ್ಕೊಂಡು ಬನ್ನಿ ಮಕ್ಕಳಾ. ಮಗೂಗೆ ಸುಮ್ಮನೆ ಆಸೆ ತೋರಿಸ್ಬೇಡಿ."